ಇಪ್ಪತ್ತಾರು ವಾರಗಳ ಲೆಕ್ಕ

ಆಫೀಸಿನಲ್ಲಿ ಅವಳನ್ನು ಎಲ್ಲರೂ ಗೆರೆಯಕ್ಕ ಅಂತಲೇ ಕರೆಯುತ್ತಿದ್ದರು. ದೇಶದಲ್ಲಿ ಕೆಲಸವಿಲ್ಲದವರು ಎಷ್ಟು, ಅವರಿಗೆ ಕೊಡುವ ಭತ್ಯೆಗೆ ಖರ್ಚೆಷ್ಟು ಅನ್ನುವುದನ್ನು ತಿಂಗಳು ತಿಂಗಳೂ ನಕ್ಷೆಯ ಮೇಲೆ ಗೆರೆ ಎಳೆದು ತೋರಿಸುವುದು ಅವಳ ಕೆಲಸ. ಕಂಪ್ಯೂಟರ್ ಬಂದಮೇಲೆ ಆ ಗೆರೆಗಳು ತಾವಾಗಿಯೇ ಮೂಡುತ್ತಿದ್ದವು, ಹೆಸರು ಮಾತ್ರ ಹಾಗೇ ಉಳಿದಿತ್ತು. ಅವಳಿಗೂ ಅದರಿಂದ ಬೇಸರವಿರಲಿಲ್ಲ.

ಆ ವರ್ಷ ಭತ್ಯೆಯ ಖರ್ಚು ನೋಡಿ ಮೇಲಿನವರ ಕಣ್ಣು ಕೆಂಪಾಯಿತು. ಮೂವತ್ತು ವರ್ಷದಲ್ಲಿ ಆರು ಪಟ್ಟು! ಜನ ಸೋಮಾರಿಗಳಾಗಿದ್ದಾರೆ, ಇಪ್ಪತ್ತಾರು ವಾರ ಕೂತು ತಿನ್ನುವುದಕ್ಕೆ ಕೊಟ್ಟರೆ ಯಾರು ತಾನೇ ಏಳುತ್ತಾರೆ, ಹದಿಮೂರು ವಾರಕ್ಕೆ ಇಳಿಸಿಬಿಡೋಣ ಎಂದು ಒಂದು ಸಮಿತಿ ಕೂತಿತು. ಅದಕ್ಕೆ ಅಂಕಿ ಅಂಶ ಒದಗಿಸುವ ಹೊಣೆ ಗೆರೆಯಕ್ಕನ ತಲೆಗೆ ಬಂತು.

"ಒಂದೇ ಹಾಳೆ ಸಾಕು," ಎಂದರು ಮುಖ್ಯಾಧಿಕಾರಿ. ಕೆಟ್ಟ ಮನುಷ್ಯರಲ್ಲ, ಆದರೆ ಮೇಲಿನವರ ಹೆಸರೆತ್ತಿದರೆ ಬೆವರುವ ಜಾತಿ. "ಗೆರೆ ಮೇಲಕ್ಕೆ ಹೋಗೋದು ಚೆನ್ನಾಗಿ ಕಾಣಬೇಕು, ಅಷ್ಟೇ."

"ಗೆರೆ ಮೇಲಕ್ಕೆ ಹೋಗಿದೆ ಸರ್, ಸುಳ್ಳೇನಲ್ಲ. ಆದರೆ ಯಾಕೆ ಹೋಗಿದೆ ಅಂತ ಕೇಳಿದರೆ?"

"ಯಾರು ಕೇಳ್ತಾರೆ?"

ಅವಳೇ ಕೇಳಿಕೊಂಡಳು. ಹಳೆಯ ಅಂಕಿಗಳನ್ನು ಹರವಿಕೊಂಡು ಕೂತಾಗ ಮೊದಲ ದಿನವೇ ಅರ್ಧ ಉತ್ತರ ಸಿಕ್ಕಿತು. ಮೂವತ್ತು ವರ್ಷದಲ್ಲಿ ದುಡಿಯುವ ಜನ ಎರಡು ಪಟ್ಟಾಗಿದ್ದರು, ಸಾಮಾನಿನ ಬೆಲೆ ಮೂರು ಪಟ್ಟಾಗಿತ್ತು. ಆರು ಪಟ್ಟಿನ ಗುಟ್ಟು ಬಹುಮಟ್ಟಿಗೆ ಅಲ್ಲೇ ರಟ್ಟಾಯಿತು. ನೂರು ಜನರಲ್ಲಿ ಕೆಲಸವಿಲ್ಲದವರು ಆಗ ಏಳು, ಈಗ ಆರು. ನಡುವೆ ಕಾರ್ಖಾನೆಗಳು ಸಾಲಾಗಿ ಮುಚ್ಚಿದ ಎರಡು ಕಾಲದಲ್ಲಿ ಹನ್ನೊಂದಕ್ಕೆ ಏರಿ ಮತ್ತೆ ಇಳಿದಿತ್ತು. ಸೋಮಾರಿತನ ಹೀಗೆ ಕಾರ್ಖಾನೆ ಮುಚ್ಚಿದಾಗ ಮಾತ್ರ ಹೆಚ್ಚುತ್ತದೆಯೇ ಎಂದು ಅವಳಿಗೆ ನಗು ಬಂತು.

ಉಳಿದರ್ಧಕ್ಕೆ, ಅಂದರೆ ವಾರ ಇಳಿಸಿದರೆ ಏನಾಗುತ್ತದೆ ಅನ್ನುವುದಕ್ಕೆ, ದಾಖಲೆ ಕೋಣೆಗೆ ಇಳಿಯಬೇಕಾಯಿತು. ಹನ್ನೊಂದು ವರ್ಷದ ಹಿಂದೆ ಹೀಗೇ ಯಾರಿಗೋ ಹುಕಿ ಬಂದು ಎರಡು ವರ್ಷ ಭತ್ಯೆಯನ್ನು ಹದಿಮೂರು ವಾರಕ್ಕೆ ಇಳಿಸಿ, ಆಮೇಲೆ ಸದ್ದಿಲ್ಲದೆ ಮೊದಲಿನಂತೆ ಮಾಡಿದ್ದರು. ಅದರ ಫಲ ಏನಾಯಿತು ಅಂತ ಯಾರೂ ನೋಡಿರಲಿಲ್ಲ. ಗೆರೆಯಕ್ಕ ಮೂಗಿಗೆ ಬಟ್ಟೆ ಕಟ್ಟಿಕೊಂಡು ರಿಜಿಸ್ಟರುಗಳ ಕಟ್ಟು ಬಿಚ್ಚಿದಳು. ಮೂರು ವಾರ ಧೂಳು ಕುಡಿದಳು. ಯಾವ ಹೆಸರು ಒಂದು ವರ್ಷದೊಳಗೆ ಮತ್ತೆ ಭತ್ಯೆಯ ಕಿಟಕಿಗೆ ಬಂದಿದೆ ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತ ಹೋದಳು. ಇಪ್ಪತ್ತಾರು ವಾರ ಸಿಕ್ಕ ಕಾಲದಲ್ಲಿ ನೂರಕ್ಕೆ ಹತ್ತೊಂಬತ್ತು ಜನ ಮರಳಿ ಬಂದಿದ್ದರು. ಹದಿಮೂರು ವಾರದ ಕಾಲದಲ್ಲಿ ನಲವತ್ತೊಂದು! ಹೊಟ್ಟೆಪಾಡಿಗೆ ಸಿಕ್ಕಿದ್ದನ್ನು ಬಾಚಿಕೊಂಡವರು ಆರು ತಿಂಗಳಲ್ಲಿ ಮತ್ತೆ ಬೀದಿಗೆ ಬಿದ್ದಿದ್ದರು. ಹೊಸದಾಗಿ ಭತ್ಯೆ, ಹೊಸದಾಗಿ ಅರ್ಜಿ. ಉಳಿತಾಯ ಅಂದುಕೊಂಡಿದ್ದು ಹೆಚ್ಚುಕಡಿಮೆ ಎಲ್ಲಾ ಸೋರಿಹೋಗಿತ್ತು.

"ಏನೇ, ತಲೆ ತುಂಬಾ ಬೂದಿ ಸುರಿದುಕೊಂಡು ಬಂದಿದೀಯಾ?" ಅಂದ ಅವಳ ಗಂಡ, ಬಾಗಿಲು ತೆಗೆಯುತ್ತಾ.

"ಬೂದಿಯಲ್ಲ ರೀ, ನಿಮ್ಮಂಥವರ ಚರಿತ್ರೆ."

ಅದು ತಮಾಷೆಯ ಮಾತಷ್ಟೇ ಆಗಿರಲಿಲ್ಲ. ಅವನು ಮೊದಲು ಬಾಟಲಿ ಕಾರ್ಖಾನೆಯಲ್ಲಿದ್ದವನು. ಅದು ಮುಚ್ಚಿದಾಗ ಪ್ರತಿ ಮಂಗಳವಾರ ಭತ್ಯೆಗೆ ಸಹಿ ಹಾಕಲು, ಆಗ ಅವಳು ಕೂರುತ್ತಿದ್ದ ಕಿಟಕಿಗೆ ಬರುತ್ತಿದ್ದ. ರಾತ್ರಿ ಕಾವಲಿನ ಕೆಲಸ ಎರಡು ಸಲ ಬಂದರೂ ಬೇಡವೆಂದು, ಒಬ್ಬ ಮೇಸ್ತ್ರಿಯ ಹಿಂದೆ ಅಲೆದು ಲಿಫ್ಟ್ ರಿಪೇರಿ ಕಲಿತ. ಇಪ್ಪತ್ತೆರಡನೆಯ ವಾರಕ್ಕೆ ಕೆಲಸ ಸಿಕ್ಕಿತು. ಸಿಕ್ಕ ಸುದ್ದಿ ಹೇಳಲು ಬಂದವನು ಕಿಟಕಿ ಬಿಟ್ಟು ಅಲ್ಲಾಡಲಿಲ್ಲ. ಸಾಲಿನಲ್ಲಿದ್ದವರು ಗೊಣಗಿದಮೇಲೆ, "ಇನ್ನು ಮಂಗಳವಾರ ಬರೋಕೆ ನೆಪ ಇಲ್ಲವಲ್ಲ," ಅಂದಿದ್ದ. ಈಗ ಅವರ ಮದುವೆಯಾಗಿ ಹದಿನೆಂಟು ವರ್ಷವಾಗಿತ್ತು.

ಹಾಳೆ ಒಂದಲ್ಲ, ನಾಲ್ಕಾಯಿತು. ಮುಖ್ಯಾಧಿಕಾರಿ ಓದಿ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡು ಮತ್ತೆ ಓದಿದರು.

"ಇದು ಅವರಿಗೆ ಬೇಕಾಗಿರೋದಲ್ಲ ಕಣಮ್ಮ."

"ಗೊತ್ತು ಸರ್. ಒಂದಂಕಿ ತಪ್ಪಿದ್ದರೆ ಹೇಳಿ, ಈಗಲೇ ಹರಿದು ಹಾಕ್ತೀನಿ."

ಅವರು ಎರಡು ದಿನ ಹುಡುಕಿದರು. ತಪ್ಪು ಸಿಗಲಿಲ್ಲ. ಮೂರನೆಯ ದಿನ ನಿಟ್ಟುಸಿರು ಬಿಟ್ಟು, "ಆಯ್ತು, ನೀವೇ ಬಂದು ಹೇಳಿ. ನನ್ನ ನಾಲಿಗೆ ಅಷ್ಟು ಹೊತ್ತು ಓಡಲ್ಲ," ಎಂದರು. ಅಷ್ಟು ಹೇಳಿದ್ದೇ ದೊಡ್ಡದು.

ಸಮಿತಿಯ ಕೋಣೆಯಲ್ಲಿ ಉದ್ದನೆಯ ಮೇಜು. ತುದಿಯಲ್ಲಿ ಅಧ್ಯಕ್ಷರು, ಮರದ ವ್ಯಾಪಾರದಲ್ಲಿ ಕೈ ಪಳಗಿದವರು, ಯಾರ ಮಾತನ್ನೂ ಚೌಕಾಸಿ ಮಾಡದೆ ಕೊಳ್ಳದವರು. ಗೆರೆಯಕ್ಕ ಮೊದಲೆರಡು ವಾಕ್ಯವನ್ನು ತಲೆಯೆತ್ತದೆ ಹಾಳೆ ನೋಡಿಯೇ ಓದಿದಳು. ಆಮೇಲೆ ಅಂಕಿಗಳು ಬಂದವು, ಅವುಗಳ ಜೊತೆ ಅವಳಿಗೆ ಹೆದರಿಕೆಯಿಲ್ಲ. ಜನ ಎರಡು ಪಟ್ಟು, ಬೆಲೆ ಮೂರು ಪಟ್ಟು, ಹತ್ತೊಂಬತ್ತು, ನಲವತ್ತೊಂದು. ಸಲೀಸಾಗಿ ಹೇಳಿ ಮುಗಿಸಿದಳು.

ಅಧ್ಯಕ್ಷರು ಮುಖ ಗಂಟಿಕ್ಕಿಕೊಂಡೇ ಇದ್ದರು. "ಕಾಗದದ ಮೇಲೆ ಎಲ್ಲಾ ಚೆನ್ನಾಗಿರುತ್ತಮ್ಮ. ಈ ಇಪ್ಪತ್ತಾರು ವಾರ ತಿಂದು ಉದ್ಧಾರ ಆದವನು ಒಬ್ಬನನ್ನಾದರೂ ನೀವು ಕಣ್ಣಾರೆ ನೋಡಿದೀರಾ? ಒಬ್ಬ ಮನುಷ್ಯ?"

ಅವಳು ಯೋಚಿಸಿ ಆಡಿದ್ದಲ್ಲ, ಬಾಯಿಂದ ಜಾರಿಬಿಟ್ಟಿತು. "ಒಬ್ಬರನ್ನ ಮದುವೆಯೇ ಆಗಿದೀನಿ ಸರ್."

ಮುಖ್ಯಾಧಿಕಾರಿ ಕಣ್ಣು ಮುಚ್ಚಿಕೊಂಡರು. ಮೊದಲು ನಕ್ಕಿದ್ದು ಅಧ್ಯಕ್ಷರೇ. ಹೊಟ್ಟೆ ಕುಣಿಸಿ ನಕ್ಕರು, ಆಮೇಲೆ ಮೇಜಿಗೆ ಮೇಜೇ ನಕ್ಕಿತು. "ಏನು ಮಾಡ್ತಾರೆ ಅವರು?" ಎಂದು ಕೇಳಿದರು. ಅವಳು ಹೇಳಿದಳು: ಎಷ್ಟನೆಯ ವಾರಕ್ಕೆ ಕೆಲಸ ಸಿಕ್ಕಿತು, ಹದಿಮೂರಕ್ಕೇ ಭತ್ಯೆ ನಿಂತಿದ್ದರೆ ಏನಾಗುತ್ತಿತ್ತು, ಈ ಹದಿನೆಂಟು ವರ್ಷದಲ್ಲಿ ಅವನು ಕಟ್ಟಿದ ತೆರಿಗೆ ಆಗ ತೆಗೆದುಕೊಂಡ ಭತ್ಯೆಯ ಎಷ್ಟು ಪಟ್ಟು. ಅಧ್ಯಕ್ಷರು ನಗು ನಿಲ್ಲಿಸಿ ಕೊನೆಯ ಅಂಕಿಯನ್ನು ಕಾಗದದಲ್ಲಿ ಬರೆದುಕೊಂಡರು.

ತೀರ್ಮಾನ ಬರಲು ಎರಡು ತಿಂಗಳು ಹಿಡಿಯಿತು. ವಾರ ಇಳಿಸುವ ಮಾತು ಬಿದ್ದುಹೋಯಿತು. ಅದರ ಬದಲು ಹತ್ತನೆಯ ವಾರಕ್ಕೆ ಪ್ರತಿಯೊಬ್ಬರನ್ನೂ ಕೂರಿಸಿ, ಹೊಸದೇನು ಕಲಿಯಬಲ್ಲೆ ಎಂದು ಕೇಳಬೇಕೆಂಬ ನಿಯಮ ಬಂತು. ಅದು ಮುಖ್ಯಾಧಿಕಾರಿ ತಾವಾಗಿ ಬರೆದು ಸೇರಿಸಿದ ಸಲಹೆ, ಬೆವರದೆ ಬರೆದರಂತೆ.

ಮನೆಯಲ್ಲಿ ಗಂಡ ಸೊಂಟದ ಮೇಲೆ ಕೈಯಿಟ್ಟು ನಿಂತ. "ದೊಡ್ಡವರ ಸಭೆಯಲ್ಲಿ ನನ್ನ ಮಾನ ಕಳೆದೆಯಂತೆ?"

"ಕಳೆದೆ. ಕೂತ್ಕೊಂಡು ಊಟ ಮಾಡಿ."

ಅವನು ಮುಖ ಊದಿಸಿಕೊಂಡು ಕೂರಲು ನೋಡಿದ, ಆಗಲಿಲ್ಲ. ಮೀಸೆಯಡಿಯಲ್ಲಿ ನಗು ತಡೆಯಲಾರದೆ, ಅಧ್ಯಕ್ಷರು ತನ್ನ ಬಗ್ಗೆ ಸರಿಯಾಗಿ ಏನಂದರು ಎಂದು ಮೂರು ಸಲ ಹೇಳಿಸಿಕೊಂಡ.

ಹೊಸ ನಿಯಮಕ್ಕೆ ಆಫೀಸಿನ ಮೂಲೆಯಲ್ಲಿ ಒಂದು ಮೇಜು, ಎರಡು ಕುರ್ಚಿ ಹಾಕಿದರು. ವಾರಕ್ಕೆರಡು ದಿನ ಗೆರೆಯಕ್ಕ ತಾನೇ ಕೇಳಿಕೊಂಡು ಅಲ್ಲಿ ಕೂತಳು. ಮೊದಲು ಬಂದವಳು ಪುಸ್ತಕಕ್ಕೆ ರಟ್ಟು ಕಟ್ಟುವ ಹೆಂಗಸು. ಮುದ್ರಣಾಲಯ ಮುಚ್ಚಿ ಹತ್ತು ವಾರವಾಗಿತ್ತು. ಯಾರೋ ಗದರುತ್ತಾರೆ ಅಂದುಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದಳು.

"ಸರಿಯಾಗಿ ಕೂತ್ಕೊಳ್ಳಮ್ಮ," ಅಂದಳು ಗೆರೆಯಕ್ಕ, "ಅವಸರ ಏನಿಲ್ಲ, ಇನ್ನೂ ಹದಿನಾರು ವಾರ ಇದೆ."

ಹೆಂಗಸು ಹಿಂದಕ್ಕೆ ಸರಿದು ಕೂತಳು. ಚರ್ಮದ ಚೀಲ ಹೊಲಿಯುವುದನ್ನು ಕಲಿಯಬೇಕೆಂದು ಬಹಳ ದಿನದಿಂದ ಆಸೆಯಿದೆ, ಆದರೆ ಹೇಳಿಕೊಳ್ಳಲು ನಾಚಿಕೆ ಎಂದು ನಿಧಾನವಾಗಿ ಮಾತು ತೆಗೆದಳು.