“ಇರ್ಲಿ” ಹಲಗೆ

ಪಿಂಗಾಣಿ ಕಾರ್ಖಾನೆಯಲ್ಲಿ ನನ್ನದು ಬಟ್ಟಲು ತಟ್ಟುವ ಕೆಲಸ. ಭಟ್ಟಿಯಿಂದ ಇಳಿಸಿ ಆರಿದ ಬಟ್ಟಲನ್ನು ಎಡ ಅಂಗೈ ಮೇಲಿಟ್ಟುಕೊಂಡು, ಮರದ ಕಡ್ಡಿಯಿಂದ ಅಂಚಿಗೊಂದು ಪೆಟ್ಟು ಕೊಡಬೇಕು. ಠಣ್ ಎಂದರೆ ಗಟ್ಟಿ, ಬಲಗಡೆಯ ಪೆಟ್ಟಿಗೆಗೆ. ದಬ್ ಎಂದರೆ ಒಳಗೆಲ್ಲೋ ಬಿರುಕು, ಎಡಗಡೆಯ ಡ್ರಮ್ಮಿಗೆ. ಇದೇ ಸ್ಟೂಲಿನ ಮೇಲೆ ನನಗಿಂತ ಮೊದಲು ಅಮ್ಮ ಕೂರುತ್ತಿದ್ದಳು. ಅವಳ ಕಾಲದಲ್ಲಿ ತಲೆಯ ಮೇಲೆ ಒಂದು ಹಲಗೆಯೂ ಇತ್ತು. ಠಣ್ಣೂ ಅಲ್ಲದ, ದಬ್ಬೂ ಅಲ್ಲದ ಬಟ್ಟಲು ಬಂದರೆ ಅಮ್ಮ “ಇರ್ಲಿ” ಎಂದು ಅದನ್ನು ಅಲ್ಲಿಡುತ್ತಿದ್ದಳು. ಮಾರಲೂ ಆಗದ, ಒಡೆಯಲೂ ಮನಸ್ಸು ಬಾರದ ಅವೆಲ್ಲ ವಾರದ ಕೊನೆಗೆ ಕೆಲಸದವರ ಮನೆ ಸೇರುತ್ತಿದ್ದವು. ನಮ್ಮ ಮನೆಯ ಬಟ್ಟಲುಗಳೆಲ್ಲ ಆ ಹಲಗೆಯವೇ. ಹೊಸ ಸೂಪರ್‌ವೈಸರ್ ಬಂದವನೇ ಅದನ್ನು ಕೀಳಿಸಿದ. ಹೌದೋ ಅಲ್ಲವೋ ಹೇಳಿ ಮುಗಿಸಿ, ಸುಮ್ಮನೆ ಟೈಮ್ ವೇಸ್ಟ್ ಎಂದ. ಆ ಪುಣ್ಯಾತ್ಮನ ಮುಖ ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಅಮ್ಮನಿಗೆ ಮರೆವು ಶುರುವಾದಾಗ ಅಣ್ಣನೂ ಹಾಗೇ ಒಂದು ಗೆರೆ ಎಳೆದ.

“ನಮ್ಮ ಗುರುತು ಸಿಗೋವರೆಗೆ ಮನೇಲಿರ್ಲಿ. ಗುರುತೇ ಸಿಗಲ್ಲ ಅಂದ ದಿನ ಆರೈಕೆ ಕೇಂದ್ರಕ್ಕೆ ಸೇರಿಸೋಣ.”

ಅಣ್ಣ ಕೆಟ್ಟವನಲ್ಲ. ನಾನು ಕೆಲಸಕ್ಕೆ ಹೋಗಿದ್ದಾಗ ಅಮ್ಮ ಒಲೆ ಹಚ್ಚಿಟ್ಟು ಬೀದಿಗಿಳಿದಿದ್ದಳು, ಅವನು ಹೆದರಿಹೋಗಿದ್ದ. ನಾನು ಹೂಂ ಎಂದೆ. ಹೆತ್ತವಳಲ್ಲವೇ, ಗುರುತು ಸಿಗದೆ ಎಲ್ಲಿ ಹೋಗುತ್ತದೆ ಎಂಬ ಭಂಡ ಧೈರ್ಯ ನನ್ನದು.

ಆಮೇಲೆ ದಿನಾ ಪಾಠ. ತಲೆ ಬಾಚುವಾಗ, ಊಟಕ್ಕೆ ಕೂತಾಗ, “ನಾನ್ಯಾರಮ್ಮ?” “ಮಗಳು” ಎನ್ನಿಸುವವರೆಗೆ ಬಿಡುತ್ತಿರಲಿಲ್ಲ. ಅಮ್ಮ ಎಷ್ಟು ಚೆನ್ನಾಗಿ ಕಲಿತಳೆಂದರೆ, ಹಾಲು ತಂದ ಗಿರಿಜಾ ಮೀಸೆಯವನಿಗೂ “ಮಗಳು” ಎಂದಳು. ಪಾಪ, ಅವನು “ಏನಮ್ಮಾ” ಎಂದು ಓಗೊಟ್ಟ. ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಕಾರ್ಖಾನೆಯಲ್ಲಿ ಭಟ್ಟಿ ನೋಡಿಕೊಳ್ಳುವ ಹಿರಿಯರೊಬ್ಬರಿದ್ದಾರೆ. ರಜೆಯ ದಿನ ಝೆನ್ ಧ್ಯಾನದ ಕೂಟಕ್ಕೆ ಹೋಗಿ ಗೋಡೆಗೆ ಮುಖ ಮಾಡಿ ಗಂಟೆಗಟ್ಟಲೆ ಕೂರುತ್ತಾರೆ, ಅದಕ್ಕೇ ಎಲ್ಲರ ಬಾಯಲ್ಲೂ ಗೋಡೆ ಮಾಮ. “ಗೋಡೆ ಏನಂತು ಮಾಮ?” ಎಂದು ಕೆಣಕಿದರೆ “ನಿನ್ನನ್ನ ಕೇಳ್ತಿತ್ತು” ಎನ್ನುತ್ತಾರೆ. ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು ಕೂತಾಗ ಅವರಿಗೆ ನನ್ನ ಪಾಠದ ವಿಷಯ ಹೇಳಿದೆ.

“ಅಮ್ಮನ್ನೂ ತಟ್ಟಿ ನೋಡ್ತಿದ್ದೀಯಲ್ಲೇ” ಎಂದರು.

“ಮತ್ತಿನ್ನೇನ್ಮಾಡ್ಲಿ ಮಾಮ? ಗೊತ್ತು ಅಂದ್ರೆ ಮನೆ, ಗೊತ್ತಿಲ್ಲ ಅಂದ್ರೆ ಆರೈಕೆ ಕೇಂದ್ರ.”

“ಗೊತ್ತು, ಗೊತ್ತಿಲ್ಲ ಅನ್ನೋದು ನೀವು ಮಾಡ್ಕೊಂಡಿರೋ ಪೆಟ್ಟಿಗೆ. ಅವಳು ಎರಡರಲ್ಲೂ ಇಲ್ದೇ ಇರಬಹುದು. ಎರಡನ್ನೂ ಕೆಳಗಿಟ್ಟು ನೋಡು ಅಂತಾರೆ ನಮ್ಮ ಗುರುಗಳು.”

“ನಿಮ್ಮ ಗುರುಗಳಿಗೆ ಅಣ್ಣ ಇಲ್ಲ ಅನ್ಸುತ್ತೆ” ಎಂದು ಡಬ್ಬಿ ಮುಚ್ಚಿ ಎದ್ದೆ. ಮಾತು ನಾಟಿತ್ತು, ಅದಕ್ಕೇ ಅಷ್ಟು ಸಿಟ್ಟು.

ಆ ಭಾನುವಾರ ಅಣ್ಣ ಬಂದ. ಅಮ್ಮ ಚಹಾ ಕುಡಿದು ಮುಗಿಸಿದ್ದಳು. ಅವಳೆದುರು ಮೊಣಕಾಲೂರಿ ಕೂತು, ನನ್ನನ್ನು ತೋರಿಸಿ ಮೆತ್ತಗೆ ಕೇಳಿದ. “ಅಮ್ಮಾ, ಇವಳ್ಯಾರು?”

ಅಮ್ಮ ನನ್ನನ್ನೇ ನೋಡಿದಳು. ಬಾಯಿಪಾಠದ “ಮಗಳು” ನಾಲಿಗೆಯ ತುದಿಗೆ ಬಂದದ್ದು ನನಗೆ ಕಾಣಿಸಿತು. ಹೇಳಲಿಲ್ಲ. ಖಾಲಿ ಬಟ್ಟಲನ್ನು ಕಿವಿಯ ಹತ್ತಿರ ಹಿಡಿದು, ಚಮಚದಿಂದ ಒಂದು ಸಲ ತಟ್ಟಿ ಕೇಳಿಸಿಕೊಂಡಳು. ಎದ್ದು ಹೋಗಿ ಅದನ್ನು ಕಿಟಕಿಯ ಮೇಲಿನ ಹಲಗೆಯಲ್ಲಿಟ್ಟು ಬಂದಳು.

“ಯಾರೋ ಗೊತ್ತಾಗ್ತಿಲ್ಲಪ್ಪ. ಇರ್ಲಿ. ಇವಳನ್ನ ಎಲ್ಲಿಗೂ ಕಳಿಸ್ಬೇಡಿ.”

ಅಣ್ಣನಿಗೆ ಮೊದಲ ಮಾತು ಕೇಳಿಸಿತು, ನನಗೆ ಕೊನೆಯದು. ಅವನು ನನ್ನ ಕಡೆ ತಿರುಗಿದ.

“ನೀನೇ ಹೇಳು. ಗುರುತಿದೆಯೋ ಇಲ್ವೋ? ಇದೆ ಅಂದ್ರೆ ನಾನು ಇನ್ನೊಂದು ಮಾತಾಡಲ್ಲ.”

ಬೆಳಗಿನಿಂದ ಸಂಜೆವರೆಗೆ ಹೌದು, ಅಲ್ಲ ಎಂದು ವಿಂಗಡಿಸುವವಳು ನಾನು. ಇದೆ ಎಂದರೆ ಸುಳ್ಳು. ಇಲ್ಲ ಎಂದರೆ ಅದಕ್ಕಿಂತ ದೊಡ್ಡ ಸುಳ್ಳು. ಹೇಗೂ ಆಗಲಿ, ಇದೆ ಎಂದುಬಿಡೋಣವೆಂದರೆ ಹಚ್ಚಿಟ್ಟ ಒಲೆ ಕಣ್ಣ ಮುಂದೆ ಬಂತು. ಹಲಗೆಯ ಮೇಲಿನ ಬಟ್ಟಲನ್ನು ನೋಡುತ್ತ ನಿಂತೆ. ನನ್ನ ಮೌನವನ್ನು ಅಣ್ಣ ಇಲ್ಲ ಎಂದೇ ತಿಳಿದ. ಕಣ್ಣೊರೆಸಿಕೊಂಡು ಫೋನ್ ಮಾಡಲು ಹೊರಗೆ ಹೋದ.

ಗುರುವಾರ ಬೆಳಿಗ್ಗೆ ಕಾರು ಬಂತು. ಅಮ್ಮನಿಗೆ ತಲೆ ಬಾಚಿದೆ. ನಾನ್ಯಾರೆಂದು ಕೇಳಲಿಲ್ಲ. ಹೊಸಿಲ ಹತ್ತಿರ ಅವಳೇ ನಿಂತು ನನ್ನ ಕೈ ಹಿಡಿದುಕೊಂಡಳು.

“ನೋಡಮ್ಮ, ನನ್ನ ಮಗಳು ಸಂಜೆ ಕಾರ್ಖಾನೆಯಿಂದ ಬರ್ತಾಳೆ. ನಾನಿಲ್ದಿದ್ರೆ ಗಾಬರಿ ಆಗ್ತಾಳೆ. ನೀನಿರ್ತೀಯಲ್ಲ, ಅವಳಿಗೆ ಸ್ವಲ್ಪ ಹೇಳ್ತೀಯಾ?”

“ಏನಂತ ಹೇಳ್ಲಿ?”

“ನಾನು ಉಂಡಿದ್ದೀನಿ ಅಂತ ಹೇಳು. ನಂಗೋಸ್ಕರ ಕಾಯ್ಬೇಡ, ಉಂಡು ಮಲ್ಕೋ ಅನ್ನು.”

“ಹೇಳ್ತೀನಿ” ಎಂದೆ.

ಅಣ್ಣ ಅವಳನ್ನು ಕೂರಿಸಿಕೊಂಡು ಹೋದ. ನಾನು ಕೆಲಸಕ್ಕೆ ಹೋದೆ. ಅವತ್ತು ಯಾವುದು ಠಣ್ ಎಂದಿತೋ ಯಾವುದು ದಬ್ ಎಂದಿತೋ ಒಂದೂ ಕಿವಿಗೆ ಬೀಳಲಿಲ್ಲ. ಗೋಡೆ ಮಾಮ ಬಂದು ಪಕ್ಕದಲ್ಲಿ ಕೂತರು. ಸದ್ಯ, ಬುದ್ಧಿ ಹೇಳಲಿಲ್ಲವಲ್ಲ ಎನ್ನಿಸಿತು.

ಸಂಜೆ ಬೀಗ ತೆಗೆದು ಒಳಗೆ ಬಂದೆ. ಅಡುಗೆ ಮಾಡಿ, ಹಲಗೆಯ ಮೇಲಿನ ಬಟ್ಟಲು ಇಳಿಸಿ ನೀರು ತುಂಬಿಕೊಂಡೆ. ಒಪ್ಪಿಕೊಂಡ ಮಾತು, ತಲುಪಿಸಲೇಬೇಕಲ್ಲ.

“ನಿಮ್ಮಮ್ಮ ಉಂಡಿದ್ದಾರಂತೆ ಕಣೇ” ಎಂದೆ ನನಗೇ, ಗಟ್ಟಿಯಾಗಿ. “ಕಾಯ್ಬಾರ್ದಂತೆ. ಉಂಡು ಮಲ್ಕೋಬೇಕಂತೆ.”

ಹೂಂ ಎಂದೆ. ತಟ್ಟೆಗೆ ಬಡಿಸಿಕೊಂಡು ಕೂತೆ.