ತಾನಾಗಿ ಬೀಳುವ ಚಿಲಕ

ಚಿಕ್ಕಮಾದಮ್ಮ ಮದ್ದೂರಿಗೆ ಬಂದದ್ದು ಕಾರಿನ ಬಾಗಿಲನ್ನು ಕೈಯಲ್ಲಿ ಹಿಡಿದುಕೊಂಡೇ. ಮಳವಳ್ಳಿ ಬಿಟ್ಟಾಗಿನಿಂದ ಅದನ್ನು ಪೂರ್ತಿ ಹಾಕಲು ಅವಳು ಬಿಟ್ಟಿರಲಿಲ್ಲ. ಮಗ ಮಹದೇವು ಬಾಗಿಲ ಹಿಡಿಗೂ ಸೀಟಿಗೂ ಟವೆಲು ಬಿಗಿದು, ಗಾಜುಗಳನ್ನೆಲ್ಲ ಇಳಿಸಿ, ಎತ್ತಿನ ಗಾಡಿ ಹೊಡೆದಂತೆ ನಿಧಾನಕ್ಕೆ ಓಡಿಸಿಕೊಂಡು ಬಂದಿದ್ದ.

ಎರಡು ಗಂಟೆಗೆ ಮಂಡ್ಯದ ಆಸ್ಪತ್ರೆಯಲ್ಲಿ ಅವಳ ಡಯಾಲಿಸಿಸ್. ಬುಧವಾರ, ಶನಿವಾರ ಎರಡು ದಿನವೂ ಹೋಗಿ ರಕ್ತ ತೊಳೆಸಿಕೊಂಡು ಬರಬೇಕು. ಹೋದ ಶನಿವಾರ ತಪ್ಪಿತ್ತು. ಕಾಲು ಊದಿ ಚಪ್ಪಲಿಯೊಳಗೆ ಹಿಡಿಸುತ್ತಿರಲಿಲ್ಲ, ಮಲಗಿದರೆ ಉಸಿರು ಮೇಲಕ್ಕೆ ಬರುತ್ತಿತ್ತು. ಇವತ್ತೂ ತಪ್ಪಿದರೆ ಆಮೇಲೆ ನನ್ನನ್ನು ಕೇಳಬೇಡಿ ಎಂದು ಡಾಕ್ಟರು ಫೋನಿನಲ್ಲೇ ಹೇಳಿದ್ದರು. ಸೂಜಿ ಚುಚ್ಚಿಸಿಕೊಳ್ಳುವ ಕೈಗೆ ಬಸ್ಸಿನ ನೂಕುನುಗ್ಗಲು ಆಗದು. ಇದ್ದದ್ದು ಈ ಕಾರೊಂದೇ. ಅವಳು ಹೆದರಿದ್ದೂ ಆ ಕಾರಿಗೇ.

ಶನಿವಾರ ಮಳವಳ್ಳಿ ಪೇಟೆಯಲ್ಲಿ ಮಾತ್ರೆ ತರಲು ಇಳಿದ ಮಹದೇವು, ಕೀಯನ್ನು ಕಾರಿನಲ್ಲೇ ಬಿಟ್ಟು ತನ್ನ ಬಾಗಿಲು ಹಾಕಿದ್ದೇ ತಡ, ನಾಲ್ಕೂ ಬಾಗಿಲ ಚಿಲಕಗಳು ಟಕ್ಕೆಂದು ಬಿದ್ದವು. ಒಳಗೆ ಚಿಕ್ಕಮಾದಮ್ಮ ಒಬ್ಬಳೇ. ಬಾಗಿಲ ಮೇಲಿನ ಗುಂಡಿ ಎತ್ತಿದಳು, ಅದು ಬಿತ್ತು. ಮತ್ತೆ ಎತ್ತಿದಳು, ಮತ್ತೆ ಬಿತ್ತು. ಒಳಗೆ ಯಾರೋ ಕುಳಿತು ಎಳೆಯುತ್ತಿದ್ದಾರೆ ಅನ್ನಿಸಿತು ಅವಳಿಗೆ. ಹೊರಗೆ ಬಿಸಿಲು, ಮುಚ್ಚಿದ ಗಾಜು, ಗಾಜಿನಾಚೆ ಬಾಯಿ ಬಾಯಿ ಬಿಡುತ್ತಿದ್ದ ಮಗ. ಅಂಗಡಿಯವನೊಬ್ಬ ಸ್ಟೀಲ್ ಸ್ಕೇಲು ತೂರಿಸಿ ಬಾಗಿಲು ತೆಗೆಯುವಷ್ಟರಲ್ಲಿ ಕಾಲು ಗಂಟೆ ಕಳೆದಿತ್ತು. ಮನೆಗೆ ಹೋಗಿ ಮಲಗಿದವಳು ಇನ್ನು ಆ ಕಾರು ಹತ್ತುವುದಿಲ್ಲ ಎಂದುಬಿಟ್ಟಳು. ಇವತ್ತು ಬಂದದ್ದೂ ಮದ್ದೂರಿನ ತನಕ ಮಾತ್ರ. ಅಲ್ಲಿನ ಮೆಕ್ಯಾನಿಕ್ ಬಾಬು ಜಾನ್ ಸರಿಮಾಡಿದರೆ ಮುಂದಕ್ಕೆ, ಇಲ್ಲದಿದ್ದರೆ ವಾಪಸ್ಸು.

ಬಾಬು ಜಾನ್ ಗಾಡಿಗಳ ವೈರಿಂಗಿನಲ್ಲೇ ಕೂದಲು ಬೆಳ್ಳಗಾದವನು. ಅವಳಿಗೊಂದು ಸ್ಟೂಲು ಹಾಕಿಸಿದ, ನೀರು ಕೊಟ್ಟ. ಅವಳು ಕುಡಿಯುವ ನೀರಿಗೆ ಡಾಕ್ಟರ ಲೆಕ್ಕವಿತ್ತು, ತುಟಿ ಒದ್ದೆ ಮಾಡಿಕೊಂಡು ಲೋಟ ಕೆಳಗಿಟ್ಟಳು. ಮಹದೇವು ಮಾತ್ರ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಮಳವಳ್ಳಿಯಲ್ಲಿ ಒಬ್ಬ ಮೆಕ್ಯಾನಿಕ್ ಫ್ಯೂಸು ಬದಲಾಯಿಸಿದನಂತೆ, ಇನ್ನೊಬ್ಬ ಚಿಲಕದ ಮೋಟಾರನ್ನೇ ಹೊಸದು ಹಾಕಿದನಂತೆ, ಎರಡೂ ದಂಡವಂತೆ. ಹೇಳುತ್ತಲೇ ಮೊಬೈಲಿನಲ್ಲಿ ಗಂಟೆ ನೋಡುತ್ತಿದ್ದ. ಹನ್ನೊಂದೂ ಮುಕ್ಕಾಲು.

ಬಾಬು ಜಾನ್ ಏನನ್ನೂ ಬಿಚ್ಚಲಿಲ್ಲ. ರಿಮೋಟು ಒತ್ತಿ, ಒಂದೊಂದು ಬಾಗಿಲಿಗೂ ಕಿವಿ ಕೊಟ್ಟು ಕೇಳಿದ. ನಾಲ್ಕೂ ಸರಿಯಾಗಿ ಸದ್ದು ಮಾಡಿದವು. ಆಮೇಲೆ ಡ್ರೈವರ್ ಬಾಗಿಲನ್ನು ಪೂರ್ತಿ ತೆರೆದು, ನಿದ್ದೆಗೂಸಿನ ತೊಟ್ಟಿಲು ತೂಗುವಂತೆ ಮೆಲ್ಲಗೆ ಹಾಕುತ್ತ ಬಂದ. ಮುಕ್ಕಾಲು ಮುಚ್ಚಿದಾಗ ಟಕ್. ಎಲ್ಲ ಚಿಲಕಗಳೂ ಬಿದ್ದವು. ತೆರೆದು ಮತ್ತೆ ಹಾಕಿದ. ಅದೇ ಜಾಗದಲ್ಲಿ ಟಕ್.

ಚಿಕ್ಕಮಾದಮ್ಮ ಸ್ಟೂಲಿನಿಂದ ಎದ್ದುನಿಂತಳು.

“ಚಿಲಕ ಕೆಟ್ಟಿಲ್ಲ ಕಣಪ್ಪ,” ಎಂದ ಬಾಬು ಜಾನ್. “ಅದುಕ್ಕೆ ಯಾರೋ ಸುಳ್ಳೇಳ್ತಾವ್ರೆ.”

ಬಾಗಿಲಿಗೂ ಬಾಡಿಗೂ ನಡುವೆ, ಕೀಲಿನ ಹತ್ತಿರ, ಹೆಬ್ಬೆರಳು ದಪ್ಪದ ರಬ್ಬರ್ ಕೊಳವೆಯಿರುತ್ತದೆ. ಚಿಲಕದ ವೈರುಗಳೆಲ್ಲ ಅದರೊಳಗೇ ಹಾಯುವುದು. ಬಾಗಿಲು ಆಡಿದಂತೆ ಅದೂ ಬಳುಕಬೇಕು. ಬಾಬು ಜಾನ್ ಟಾರ್ಚು ಹಾಯಿಸಿ, ಮಸಿ ಒರೆಸಿ ನೋಡಿದ. ಕೊಳವೆಯ ನಡುವಿಗೆ ಏನೋ ಬಿಗಿದಿತ್ತು. ಬ್ಲೇಡಿನಿಂದ ಕತ್ತರಿಸಿ ಅಂಗೈ ಮೇಲಿಟ್ಟುಕೊಂಡ. ಏಳು ಗಂಟಿನ ಕರಿದಾರ. ಅದು ಬಿಗಿದಿದ್ದ ಕಡೆಯೇ ಕೊಳವೆ ಮುರಿದಂತೆ ಮಡಚಿ, ಒಳಗಿನ ವೈರುಗಳ ಸಿಪ್ಪೆ ಸವೆದು ತಾಮ್ರಕ್ಕೆ ತಾಮ್ರ ತಗುಲಿ, ಚಿಲಕಗಳಿಗೆ ಬೀಳಿರೆಂದು ಸುಳ್ಳು ಸೂಚನೆ ಹೋಗುತ್ತಿತ್ತು.

ಚಿಕ್ಕಮಾದಮ್ಮನಿಗೆ ಆ ಗಂಟುಗಳ ಗುರುತು ಸಿಕ್ಕಿತು. ಹೋದ ವರ್ಷ ಮಹಾಲಯ ಅಮಾವಾಸ್ಯೆಗೆ ಮುಂಚೆ, ಕೊತ್ತತ್ತಿ ಹತ್ತಿರ ಮಹದೇವು ತೂಕಡಿಸಿ, ಕಾರಿನ ಒಂದು ಚಕ್ರ ನಾಲೆ ಏರಿಯಿಂದಾಚೆ ಹೋಗಿತ್ತು. ಅವನು ನಗುತ್ತಲೇ ಬಂದು ಹೇಳಿದ್ದ. ಅವಳು ಅವತ್ತು ಉಣ್ಣಲಿಲ್ಲ. ಮಗನ ಕಾವಲಿಗೆಂದು ಅವಳು ಕನ್ನಡಿಗೆ ಕಟ್ಟಿದ ದಾರವನ್ನು ಅವನು ಕಿತ್ತುಹಾಕಿದ, ಸ್ಟೇರಿಂಗಿಗೆ ಕಟ್ಟಿದ್ದನ್ನೂ ಕಿತ್ತ, ಬಾಡಿಗೆಗೆ ಕಾರು ಹತ್ತುವವರು ನಗುತ್ತಾರಂತೆ. ಆಮೇಲೆ ಅವನ ಕಣ್ಣಿಗೆ ಬೀಳದ ಜಾಗ ಹುಡುಕಿ ಅವಳೇ ಅಲ್ಲಿ ಕಟ್ಟಿದ್ದಳು. ಬಿಚ್ಚದಿರಲೆಂದು ಹಲ್ಲಿನಲ್ಲಿ ಕಚ್ಚಿ ಎಳೆದಿದ್ದಳು.

ಬಾಬು ಜಾನ್ ಅವಳ ಮುಖ ನೋಡಿ ದಾರವನ್ನು ಜೇಬಿಗೆ ಹಾಕಿಕೊಂಡ. ಆದರೆ ಮಹದೇವು ಅದನ್ನು ನೋಡಿಯಾಗಿತ್ತು. ಮೋಟಾರು ಹಾಕಿದ ಮೆಕ್ಯಾನಿಕ್ಕೇ ವೈರು ನಿಲ್ಲಲೆಂದು ದಾರ ಸುತ್ತಿದ್ದಾನೆ ಎಂದು ಬೈಯುತ್ತ ಅವನ ನಂಬರು ಒತ್ತತೊಡಗಿದ.

“ಅವನ್ನ ಯಾಕ್ಲಾ ಬಯ್ಯೀಯೆ? ಮಡಗು ಫೋನ. ನಾನೇ ಕಣ್ಲಾ ಕಟ್ದೋಳು.”

ಮಹದೇವು ನಂಬರು ಒತ್ತುವುದನ್ನು ಬಿಟ್ಟು ಅವಳ ಕಡೆ ತಿರುಗಿದ. “ಅಲ್ಲಿ ಯಾಕವ್ವ ಕಟ್ಟಕ್ಕೋದೆ?”

“ಇನ್ನೆಲ್ಲಿ ಕಟ್ಲಿ? ನೀನು ಕಟ್ಟಿದ್ದೆಲ್ಲಾವ ಕಿತ್ತಾಕಿದ್ರೆ?”

ಅವನು ಫೋನು ಜೇಬಿಗಿಟ್ಟು ರಸ್ತೆ ಕಡೆ ತಿರುಗಿ ನಿಂತ.

“ಗಂಟು ಮಾತ್ರ ಚೆನ್ನಾಗಾಕಿದ್ದೀಯೆ ಕಣಮ್ಮ,” ಎಂದ ಬಾಬು ಜಾನ್, ಬಗ್ಗಿದವನು ಬಗ್ಗಿದಂತೆಯೇ. “ಕರೆಂಟ್ಗೇ ಉಸ್ರು ಕಟ್ಸಿದ್ದೀಯೆ.”

ಸವೆದ ಭಾಗಗಳನ್ನು ಕತ್ತರಿಸಿ, ವೈರಿಗೆ ವೈರು ಬೆಸೆದು, ಬಾಗಿಲು ಆಡಲು ಒಂದೊಂದಕ್ಕೂ ಎರಡು ಬೆರಳು ಸಡಿಲ ಬಿಟ್ಟು, ಮೇಲೆ ಹೊಸ ಕೊಳವೆ ತೊಡಿಸಿದಾಗ ಒಂದು ಗಂಟೆ. ಮಹದೇವು ಕಾರು ಹತ್ತು, ಹತ್ತು ಎಂದು ಅವಸರ ಮಾಡಿದ. ಅವಳ ಕಾಲು ಮುಂದಕ್ಕೆ ಬರಲಿಲ್ಲ.

ಬಾಬು ಜಾನ್ ತಾನೇ ಒಳಗೆ ಹೋಗಿ ಅವಳ ಸೀಟಿನಲ್ಲಿ ಕುಳಿತ. “ನೀನೇ ಆ ಬಾಗ್ಲು ಬಡಿ. ಚಿಲ್ಕ ಬಿದ್ರೆ ನಾನು ಇಲ್ಲೇ ಬೇಯ್ತೀನಿ ಬುಡು.”

ಅವಳು ಒಳ್ಳೆಯ ಕೈಯಿಂದ ಡ್ರೈವರ್ ಬಾಗಿಲು ಹಾಕಿದಳು, ತೆಗೆದಳು. ಮೆಲ್ಲಗೆ ಹಾಕಿದಳು, ಸಿಟ್ಟಿನಿಂದ ಹಾಕಿದಳು. ಮುಕ್ಕಾಲಿಗೆ ನಿಲ್ಲಿಸಿ ಅಲ್ಲಾಡಿಸಿದಳು. ಉಬ್ಬಸ ಬರುವ ತನಕ ಬಿಡಲಿಲ್ಲ. ಗುಂಡಿಗಳು ನಿಂತಲ್ಲೇ ನಿಂತಿದ್ದವು. ಬಾಬು ಜಾನ್ ಇಳಿದು, ಜೇಬಿನಿಂದ ದಾರ ತೆಗೆದು ಅವಳ ಕೈಗೆ ಕೊಟ್ಟ.

ಮಂಡ್ಯದ ರಸ್ತೆಯಲ್ಲಿ ಬಾಗಿಲು ಮುಚ್ಚಿತ್ತು, ಗಾಜು ಅರ್ಧ ಇಳಿದಿತ್ತು. ದಾರ ಹಿಡಿದ ಕೈಯಿಂದಲೇ ಅವಳು ಗುಂಡಿ ಒತ್ತಿದಳು, ಎತ್ತಿದಳು. ಒಂದು ಊರು ದಾಟುವಷ್ಟರಲ್ಲಿ ಮತ್ತೆ ಒತ್ತಿದಳು, ಎತ್ತಿದಳು. ಟಕ್, ಟಕ್. ಬೇರೆ ದಿನವಾಗಿದ್ದರೆ ಮಹದೇವು ಬೈಯುತ್ತಿದ್ದ. ಇವತ್ತು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ಎರಡಕ್ಕೆ ಹತ್ತು ನಿಮಿಷವಿರುವಾಗ ಆಸ್ಪತ್ರೆಯ ಮುಂದೆ ಕಾರು ನಿಂತಿತು. ಮಗ ಸುತ್ತಿ ಬರುವ ಮುಂಚೆಯೇ ಅವಳು ತಾನೇ ಬಾಗಿಲು ತೆಗೆದು ಇಳಿದಳು. ಹಾಕಿದಳು. ಇನ್ನೊಂದು ಸಲ ತೆಗೆದು ನೋಡಿ, ಹಾಕಿ, ಒಳಗೆ ಹೋದಳು.