ಶಿರಾದಿಂದ ಬಂದ ಸಂಬಂಧ

ಲೋಹಿತಾಳನ್ನು ಮದುವೆಗೆ ಕೇಳಲು ಬಂದದ್ದು ಗಂಡಿನ ಮೊದಲ ಹೆಂಡತಿಯ ತಾಯಿ.

ಆಗ ಲೋಹಿತಾಳಿಗೆ ನಲವತ್ತಮೂರು. ಮಧುಗಿರಿ ಬೆಟ್ಟದ ಬುಡದ ಬೀದಿಯಲ್ಲಿ, ಅಪ್ಪ ಪರ್ವತಯ್ಯ ಹಿಂದೆ ವಿಭೂತಿ, ಊದುಬತ್ತಿ ಮಾರುತ್ತಿದ್ದ ಅಂಗಡಿಯಲ್ಲೇ ಅವಳು ಹೊಲಿಗೆ ಮಷಿನ್ ಹಾಕಿಕೊಂಡು ರವಿಕೆ ಹೊಲಿಯುತ್ತಿದ್ದಳು. ಅಮ್ಮ ಹೋದಾಗ ತಮ್ಮ ಪ್ರಭುದೇವ್ ಇನ್ನೂ ಶಾಲೆಯಲ್ಲಿದ್ದ. ಅವನ ಓದು ಮುಗಿಯಲಿ ಎಂದು ಬಂದ ಸಂಬಂಧಗಳನ್ನು ಮುಂದಕ್ಕೆ ಹಾಕಿದರು. ಓದು ಮುಗಿಯುವ ಹೊತ್ತಿಗೆ ಅಪ್ಪನಿಗೆ ಲಕ್ವ ಹೊಡೆಯಿತು. ಅವರನ್ನು ಎತ್ತಿ ಕೂರಿಸಿ, ಮೈ ಒರೆಸಿ, ಉಣ್ಣಿಸುವುದರಲ್ಲಿ ವರ್ಷಗಳು ಹೇಗೆ ಹೋದವೆಂದು ಅವಳಿಗೇ ತಿಳಿಯಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಯಾರೂ ಅವಳಿಗೆ ಒಂದು ಮಾತು ಅನ್ನಲಿಲ್ಲ. ತಮ್ಮನೂ ಅವನ ಹೆಂಡತಿಯೂ ಒಳ್ಳೆಯವರೇ. ಆದರೂ ಬೆಳಗಿನ ಜಾವ ಅಭ್ಯಾಸಬಲದಿಂದ ಎಚ್ಚರವಾಗಿ, ಔಷಧಿ ಕೊಡಬೇಕಾದವರು ಯಾರೂ ಇಲ್ಲವೆಂಬುದು ನೆನಪಾದಾಗ, ಎದ್ದು ಏನು ಮಾಡಬೇಕೆಂದು ತೋಚದೆ ಹಾಗೇ ಸೂರು ನೋಡುತ್ತಾ ಮಲಗಿರುತ್ತಿದ್ದಳು.

ಅಂಥ ದಿನಗಳಲ್ಲಿ ಒಮ್ಮೆ ರಾಜಲಕ್ಷ್ಮಮ್ಮ ಶಿರಾದಿಂದ ಬಸ್ಸಿನಲ್ಲಿ ಬಂದು ಎರಡು ರವಿಕೆ ಬಟ್ಟೆ ಕೊಟ್ಟು ಹೋದರು. ಎಪ್ಪತ್ತು ದಾಟಿದ ಮುದುಕಿ, ಮಂಡಿನೋವು ಬೇರೆ. ಶಿರಾದಲ್ಲಿ ಹೊಲಿಯುವವರು ಇಲ್ಲವೇ ಎಂದು ಲೋಹಿತಾ ಮನಸ್ಸಿನಲ್ಲಿ ಅಂದುಕೊಂಡಳೇ ಹೊರತು ಕೇಳಲಿಲ್ಲ. ಮುಂದಿನ ವಾರ ಬಂದವರು ಹೊಲಿದ ರವಿಕೆಯನ್ನು ಸರಿಯಾಗಿ ನೋಡಲೂ ಇಲ್ಲ. ಬೆಂಚಿನ ಮೇಲೆ ಕೂತು, ಅವಳು ಗಿರಾಕಿಗಳ ಜೊತೆ ಮಾತಾಡುವುದನ್ನೇ ನೋಡುತ್ತಾ ಮಧ್ಯಾಹ್ನವೆಲ್ಲ ಕಳೆದರು. ಆಮೇಲೊಂದು ದಿನ ಬಂದು, ಅಂಗಡಿ ಖಾಲಿಯಾಗುವವರೆಗೆ ಕಾದಿದ್ದು, ನೇರವಾಗಿ ಕೇಳಿದರು.

"ನಿಂಗೆ ಮದ್ವೆ ಆಗೋ ಮನ್ಸೈತೇನಮ್ಮ?"

ಲೋಹಿತಾ ಮಷಿನ್ ನಿಲ್ಲಿಸಿದಳು. "ಯಾರನ್ನ?"

"ನನ್ನ ಅಳಿಯನ್ನ."

"ಅಂದ್ರೆ... ನಿಮ್ಮ ಮಗಳು?"

"ಹೋಗ್ಬುಟ್ಳು ಕಣಮ್ಮ. ಕ್ಯಾನ್ಸರು. ಐದು ವರ್ಸ ಆತು." ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡರು. "ಮೊಮ್ಮಗಳಿಗೆ ಹದಿಮೂರು. ನಾನಿನ್ನು ಎಷ್ಟು ದಿನ ಇರ್ತೀನಿ? ಅವ್ನು ಹುಡುಕ್ಕಳಲ್ಲ, ನಾಚ್ಕೆ ಮನುಷ್ಯ. ಇನ್ಯಾರೋ ಹುಡ್ಕಿ ಇನ್ನೆಂಥೋಳ್ನೋ ತಂದು ಕೂರ್ಸೋಕಿಂತ ಮುಂಚೆ ನಾನೇ ಹುಡುಕ್ತಾ ಇವ್ನಿ."

"ನನ್ನ ಬಗ್ಗೆ ನಿಮಗೇನು ಗೊತ್ತು?"

"ನಿಮ್ಮಪ್ಪನ್ನ ನೋಡ್ಕಂಡಿದ್ದು ಈ ಬೀದಿಗೆಲ್ಲ ಗೊತ್ತು, ಶಿರಾದಾಗೆ ನನ್ ಕಿವಿಗೂ ಬಿತ್ತು. ಅದುಕ್ಕೆ ಕೇಳ್ತಿಲ್ಲ. ಅವತ್ತು ಯಾವ್ಳೋ ರವಿಕೆ ಬಿಗಿಯಾತು ಅಂತ ಜಗಳುಕ್ಕೆ ಬಂದ್ಲಲ್ಲ, ನೀನು ನಕ್ಬುಟ್ಟೆ. ನಿನ್ ನೋಡಿ ಅವ್ಳೂ ನಕ್ಳು. ಆ ಮನೇಲಿ ನಗೋರು ಬೇಕು ಕಣಮ್ಮ."

ಅಳಿಯನ ಹೆಸರು ಹಾಲೇಶ್. ಪಾವಗಡದ ಬಸ್ ನಿಲ್ದಾಣದ ಹಿಂದೆ ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ಮತ್ತೆ ತಂತಿ ಸುತ್ತಿ ಕೊಡುವ ಅಂಗಡಿ. ಮುಂದಿನ ಭಾನುವಾರ ಮಗಳು ಮಾನಸಳನ್ನು ಕರೆದುಕೊಂಡು ಬಂದ. ಪ್ರಭುದೇವ್ ಕೇಳಿದ್ದಕ್ಕೆಲ್ಲ ಒಂದೊಂದೇ ಪದದಲ್ಲಿ ಉತ್ತರ ಕೊಟ್ಟು, ಕೊನೆಗೆ ಲೋಹಿತಾಳ ಕಡೆ ನೋಡದೆಯೇ ಹೇಳಿದ: "ನಂಗೆ ಮಾತು ಕಮ್ಮಿ. ಮೋಟ್ರು ಸದ್ದಲ್ಲಿ ಇದ್ದು ಇದ್ದು ಇಂಗಾಗೀನಿ. ಬೇಜಾರು ಮಾಡ್ಕಬಾರ್ದು."

ಲೋಹಿತಾ ಹುಡುಗಿಯನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಕೇಳಿದಳು. "ನಿನ್ನ ಯಾರಾದ್ರೂ ಕೇಳಿದ್ರಾ ಇದ್ರ ಬಗ್ಗೆ?"

"ಅಜ್ಜಿ ಕೇಳ್ತು."

"ಏನಂದೆ?"

"ನೋಡೋಣ ಅಂದೆ."

ಲೋಹಿತಾ ನಕ್ಕಳು. "ನಾನೂ ಅದನ್ನೇ ಅಂದಿದ್ದೀನಿ."

ಮಾಘದಲ್ಲಿ ಮಧುಗಿರಿಯ ಮಲ್ಲೇಶ್ವರನ ಗುಡಿಯಲ್ಲಿ, ಮನೆಯವರು ಮಾತ್ರ ಸೇರಿ ಮದುವೆ ಮುಗಿಸಿದರು. ಮರುದಿನ ಹೊಲಿಗೆ ಮಷಿನ್ನನ್ನು ಲಗೇಜ್ ಆಟೋಗೆ ಹೇರಿಸಿ ಲೋಹಿತಾ ಮೊದಲ ಬಾರಿಗೆ ಹುಟ್ಟಿದ ಊರು ಬಿಟ್ಟಳು.

ಆಂಧ್ರದ ಗಡಿಯ ಪಾವಗಡದಲ್ಲಿ ಎಲ್ಲವೂ ಮೊದಲಿನಿಂದ ಶುರುವಾಗಬೇಕಾಯಿತು. ಪಕ್ಕದ ಮನೆಯ ದಾಸಮ್ಮ ಕಾಂಪೌಂಡಿನ ಮೇಲಿಂದ ಇಣುಕಿ ತೆಲುಗಿನಲ್ಲಿ "ಏಮ್ಮಾ, ತಿನ್ನಾವಾ?" ಎಂದಾಗ ಊಟ ಆಯಿತೇ ಎಂದು ಕೇಳುತ್ತಿದ್ದಾಳೆಂಬುದು ಗೊತ್ತಾಗದೆ ಪೆಚ್ಚಾಗಿ ನಿಂತಳು. ಸಂತೆಯಲ್ಲಿ ತೆಲುಗು ಆಡಲು ಹೋಗಿ ಕೊತ್ತಂಬರಿ ಬದಲು ಒಂದು ಹೊರೆ ಮೆಂತ್ಯದ ಸೊಪ್ಪು ತಂದಳು. ಮೂರು ಜನರೂ ಎರಡು ದಿನ ಮೆಂತ್ಯದ್ದೇ ತಿಂದರು. ಯಾರೂ ದೂರಲಿಲ್ಲ. ಹಾಲೇಶ್ ಮಾತ್ರ ಎರಡನೆಯ ರಾತ್ರಿ ತಟ್ಟೆಯ ಮುಂದೆ ಕೂತು, "ನಾಳೆ ಸಂತೆಗೆ ನಾನೋಗ್ಲಾ?" ಎಂದ.

ಸ್ಕೂಟರ್ ಕಲಿಸಿದವನೂ ಅವನೇ. ಭಾನುವಾರ ಬೆಳಗ್ಗೆ ತಿರುಮಣಿ ಕಡೆ ಕರೆದುಕೊಂಡು ಹೋಗುತ್ತಿದ್ದ. ರಸ್ತೆಯ ಎರಡೂ ಬದಿ ಕಣ್ಣು ಹಾಯುವಷ್ಟು ದೂರ ಸೋಲಾರ್ ಫಲಕಗಳು, ನಡುವೆ ಜನಸಂಚಾರವಿಲ್ಲದ ನೇರ ರಸ್ತೆ. ಅವನು ಹಿಂದೆ ಕೂತು "ಬ್ರೇಕು... ಬ್ರೇಕು" ಎಂಬುದೊಂದನ್ನು ಬಿಟ್ಟು ಇನ್ನೇನೂ ಹೇಳುತ್ತಿರಲಿಲ್ಲ. ಒಮ್ಮೆ ಕುರಿ ಹಿಂಡಿಗೆ ಹೆದರಿ ಅವಳು ಸ್ಕೂಟರನ್ನು ಚರಂಡಿಗೆ ಇಳಿಸಿದಳು. ಮಣ್ಣಲ್ಲಿ ಕೂತಿದ್ದ ಹಾಲೇಶ್ ಎದ್ದು, ಅವಳ ಮೊಣಕೈ ನೋಡಿ, ಸ್ಕೂಟರನ್ನು ಮೇಲೆತ್ತಿ ನಿಲ್ಲಿಸಿ, ಮತ್ತೆ ಹಿಂದಿನ ಸೀಟಿನಲ್ಲೇ ಕೂತ. ಅವನು ಮುಂದೆ ಕೂರಲಿಲ್ಲವಲ್ಲ ಎಂಬುದು ಆ ದಿನವೆಲ್ಲ ಅವಳ ಮನಸ್ಸಿನಲ್ಲಿ ಸುಳಿಯುತ್ತಿತ್ತು.

ಮಾನಸ ಮೊದಲ ವಾರವೇ ಕೇಳಿದ್ದಳು. "ನಿಮ್ಮನ್ನ ಏನಂತ ಕರೀಲಿ?"

"ನಿಂಗೆ ಏನು ಬಾಯಿಗೆ ಬರುತ್ತೋ ಅದು."

ಯೋಚಿಸಿ "ಲೋಹಿ ಆಂಟಿ" ಎಂದಳು. ದಾಸಮ್ಮನಿಗೆ ಅದು ಸರಿಬರಲಿಲ್ಲ. ಅಮ್ಮ ಎನ್ನುವುದನ್ನು ಕಲಿಸು ಎಂದು ಆಗಾಗ ಹೇಳುತ್ತಿದ್ದಳು. ಲೋಹಿತಾ ಕಲಿಸಲು ಹೋಗಲಿಲ್ಲ. ಹುಡುಗಿ ಒರಟಾಗಿ ನಡೆದುಕೊಂಡವಳಲ್ಲ, ಹತ್ತಿರವೂ ಬಂದವಳಲ್ಲ. ಶಾಲೆಯಿಂದ ಬಂದು, ಕೊಟ್ಟದ್ದು ತಿಂದು, ತನ್ನ ಕೋಣೆಗೆ ಹೋಗುತ್ತಿದ್ದಳು.

ಅಕ್ಟೋಬರ್ ಕೊನೆಯ ಒಂದು ಸಂಜೆ ಅವಳು ಬೀರುವಿನಿಂದ ಒಂದು ರೇಷ್ಮೆ ಸೀರೆ ತಂದು ಮಷಿನ್ ಪಕ್ಕ ಇಟ್ಟಳು. ಮಾವಿನಹಣ್ಣಿನ ಬಣ್ಣ, ಹಸಿರು ಅಂಚು. ಅವಳ ತಾಯಿ ಶಿವಗಂಗಾಳದು.

"ರಾಜ್ಯೋತ್ಸವಕ್ಕೆ ನಮ್ದು ಡ್ಯಾನ್ಸ್ ಐತೆ. ಇದ್ರಲ್ಲಿ ಲಂಗ ಹೊಲಿದು ಕೊಡ್ತೀರಾ?"

ಇಪ್ಪತ್ತು ವರ್ಷ ಬಟ್ಟೆ ಕತ್ತರಿಸಿದ ಕೈ ಅಂದು ಕತ್ತರಿ ಹಿಡಿಯಲಿಲ್ಲ. ಹಾಲೇಶನನ್ನು ಕೇಳಿದಳು. ಅವನು ಸೀರೆಯ ಅಂಚನ್ನು ಬೆರಳಲ್ಲಿ ಸವರಿ, "ಮಗು ಕೇಳೈತೆ. ನೀವಿಬ್ರೂ ಏನ್ ಮಾಡ್ಕತೀರೋ ಮಾಡ್ಕಳಿ" ಎಂದು ಅಂಗಡಿಗೆ ಹೊರಟುಹೋದ. ಅದು ಒಪ್ಪಿಗೆಯೇ ನಿಜ, ಆದರೆ ಲೋಹಿತಾಳಿಗೆ ಸಾಲಲಿಲ್ಲ. ಮಾರನೆಯ ದಿನ ಸೀರೆಯನ್ನು ಚೀಲದಲ್ಲಿಟ್ಟುಕೊಂಡು ಒಬ್ಬಳೇ ಶಿರಾ ಬಸ್ಸು ಹತ್ತಿದಳು.

ರಾಜಲಕ್ಷ್ಮಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಸೀರೆ ನೋಡಿ ಕೈ ತೊಳೆದುಕೊಂಡು ಬಂದರು. ಮಡಿಕೆ ಬಿಚ್ಚಿ, ಒಂದು ಕಡೆ ತಿಳಿಯಾಗಿ ಉಳಿದಿದ್ದ ಕಲೆಯ ಮೇಲೆ ಬೆರಳಿಟ್ಟರು.

"ಮಾನಸನ ನಾಮ್ಕರಣಕ್ಕೆ ನಾನೇ ಕೊಡ್ಸಿದ್ದು. ಇದು ಅವತ್ತಿನ ಪಾಯ್ಸ. ಎಷ್ಟು ಒಗುದ್ರೂ ಹೋಗ್ಲಿಲ್ಲ."

"ಮಾನಸ ಲಂಗ ಬೇಕು ಅಂತಾಳೆ. ನೀವು ಬೇಡ ಅಂದ್ರೆ ಬೇರೆ ಬಟ್ಟೆ ತಂದು ಹೊಲೀತೀನಿ."

"ಇದುನ್ನ ಕೇಳಾಕೆ ಅಲ್ಲಿಂದ ಬಂದ್ಯಾ?"

"ಹೂಂ."

ಮುದುಕಿ ಕಲೆಯ ಮೇಲಿಂದ ಬೆರಳು ತೆಗೆದರು. "ಕತ್ರಿ ತಂದಿದ್ದೀಯಾ?"

ಟೇಪು, ಕತ್ತರಿ ಯಾವಾಗಲೂ ಅವಳ ಚೀಲದಲ್ಲಿರುತ್ತಿದ್ದವು.

"ಹಂಗಾರೆ ಇಲ್ಲೇ ಕತ್ರುಸು. ನನ್ನ ಮುಂದೆ."

ಇಬ್ಬರೂ ಸೇರಿ ನಡುಮನೆಯಲ್ಲಿ ಸೀರೆ ಹಾಸಿದರು. ಮಂಡಿ ಮಡಚಲಾಗದ ರಾಜಲಕ್ಷ್ಮಮ್ಮ ಕಾಲು ಚಾಚಿ ಕೂತು, ಬಟ್ಟೆ ಜರುಗದಂತೆ ಆ ತುದಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದರು. ಕತ್ತರಿ ಹಾಕುವಾಗ ರೇಷ್ಮೆಯ ಸದ್ದು ದೊಡ್ಡದಾಗಿ ಕೇಳಿತು. ಅವರು ಕಣ್ಣು ಮುಚ್ಚಲಿಲ್ಲ, ಬೇರೆ ಕಡೆ ನೋಡಲೂ ಇಲ್ಲ. ಸೆರಗನ್ನು ಮಾತ್ರ ಲೋಹಿತಾ ಇಡಿಯಾಗಿ ಉಳಿಸಿ ಮಡಚಿ ಅವರ ಕೈಗೆ ಕೊಟ್ಟಳು. ರಾಜಲಕ್ಷ್ಮಮ್ಮ ಅದನ್ನು ಬಿಡಿಸಿ ಹೆಗಲಿಗೆ ಹೊದ್ದುಕೊಂಡು, "ಬೆಚ್ಗೈತೆ" ಎಂದರು. ಆಮೇಲೆ ಅವರೆಕಾಳಿನ ಸಾರು ಮಾಡಿ ಉಣ್ಣಿಸಿಯೇ ಕಳಿಸಿದರು.

ಮಾನಸ ಲಂಗ ತೊಟ್ಟು ಒಂದು ಸುತ್ತು ತಿರುಗಿದಳು. "ಒಳಗೆ ಇಷ್ಟೊಂದು ಮಡಿಚಿದ್ದೀರಲ್ಲ ಲೋಹಿ ಆಂಟಿ?"

"ನೀನು ಬೆಳೀತೀಯಲ್ಲ. ವರ್ಷ ವರ್ಷ ಬಿಚ್ಚಿ ಬಿಡೋಣ ಅಂತ."

ಹುಡುಗಿ ಅಂದಿನಿಂದ ಪುಸ್ತಕ ತಂದು ಮಷಿನ್ ಪಕ್ಕದಲ್ಲೇ ಕೂತು ಓದತೊಡಗಿದಳು. ಸದ್ದಾಗುತ್ತದಲ್ಲ ಎಂದರೆ, "ಅಪ್ಪನ ಅಂಗಡಿಗಿಂತ ವಾಸಿ" ಎನ್ನುತ್ತಿದ್ದಳು.

ಡಿಸೆಂಬರಿನಲ್ಲಿ ಲೋಹಿತಾಳಿಗೆ ಚಿಕೂನ್‌ಗುನ್ಯಾ ಬಂತು. ಜ್ವರ ಇಳಿದರೂ ಕೀಲುಗಳು ಹಿಡಿದುಕೊಂಡವು. ಬೆರಳು ಮಡಚಿದರೆ ಪ್ರಾಣ ಹೋದಂತಾಗುತ್ತಿತ್ತು. ಆದರೂ ಬೆಳಗ್ಗೆ ಎದ್ದು ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೊರಟಳು.

"ಮಲಕ್ಕ" ಎಂದ ಹಾಲೇಶ್, ಹಾಸಿಗೆಯ ಕಡೆ ತೋರಿಸಿ.

"ಮಾನಸನ ಡಬ್ಬಿಗೆ..."

"ನಾನ್ ಮಾಡ್ತೀನಿ. ಮಲಕ್ಕ."

ಅವನ ರಾಗಿ ಗಂಜಿಯಲ್ಲಿ ಗಂಟುಗಳಿದ್ದವು. ಅವಳು ಅದನ್ನು ಗಂಟು ಸಮೇತ ಕುಡಿದಳು. ಸಂಜೆ ಅಂಗಡಿ ಬೇಗ ಮುಚ್ಚಿ ಬಂದು ಪಕ್ಕದಲ್ಲಿ ಕೂತು, ಅವಳಿಗೆ ಬೇಸರವಾಗದಿರಲೆಂದು, ಆ ದಿನ ಯಾವ ಊರಿನ ಮೋಟಾರು ಬಂತು, ಅದು ಯಾಕೆ ಸುಟ್ಟಿತು ಎಂಬುದನ್ನೆಲ್ಲ ವಿವರವಾಗಿ ಹೇಳುತ್ತಿದ್ದ. ಮಾತು ಕಡಿಮೆಯ ಮನುಷ್ಯ ಹುಡುಕಿ ಹುಡುಕಿ ಆಡುತ್ತಿದ್ದ ಮಾತು. ಮೋಟಾರಿನ ವಿಷಯ ಅರ್ಧವೂ ಅರ್ಥವಾಗದಿದ್ದರೂ ಅವಳು ಮಧ್ಯೆ ತಡೆಯುತ್ತಿರಲಿಲ್ಲ.

ಬಾಚಣಿಗೆ ಹಿಡಿಯಲಾಗದೆ ಕೂದಲು ಸಿಕ್ಕುಗಟ್ಟಿತ್ತು. ಒಂದು ಸಂಜೆ ಮಾನಸ ಎಣ್ಣೆ ಬಟ್ಟಲು ಹಿಡಿದುಕೊಂಡು ಬಂದು ಹಿಂದೆ ಕೂತು ಸಿಕ್ಕು ಬಿಡಿಸತೊಡಗಿದಳು. ಲೋಹಿತಾಳ ಕಣ್ಣಿಂದ ನೀರು ಇಳಿಯಿತು.

"ನೋವಾಯ್ತಾ?"

"ಇಲ್ಲ ಕಣೇ."

ಅಮ್ಮ ಹೋದ ಮೇಲೆ ತನ್ನ ತಲೆಯನ್ನು ಇನ್ನೊಬ್ಬರ ಕೈ ಮುಟ್ಟಿದ್ದೇ ಇಲ್ಲ ಎಂದು ಇಷ್ಟು ಚಿಕ್ಕ ಹುಡುಗಿಗೆ ಹೇಗೆ ಹೇಳುವುದು? ಮಾನಸ ಎರಡು ಜಡೆ ಹಾಕಿ, ತುದಿಗೆ ತನ್ನ ಶಾಲೆಯ ರಿಬ್ಬನ್ ಕಟ್ಟಿ, ಫೋಟೋ ತೆಗೆದು ಅಜ್ಜಿಗೆ ಕಳಿಸಿದಳು.

ಫೋಟೋ ನೋಡಿ ಮರುದಿನವೇ ರಾಜಲಕ್ಷ್ಮಮ್ಮ ಬಂದಿಳಿದರು. ಬಂದವರೇ ಅಡುಗೆಮನೆಯಿಂದ ಹಾಲೇಶನನ್ನು ಹೊರಗಟ್ಟಿದರು. ನೋಡಲು ಬಂದ ದಾಸಮ್ಮ ಹಾಸಿಗೆಯ ಹತ್ತಿರ ಬಗ್ಗಿ, ದನಿ ತಗ್ಗಿಸಿ, "ಈಯಮ್ಮ ನಿಂಗೇನಾಗ್ಬೇಕಮ್ಮ? ಲೆಕ್ಕುಕ್ಕೇ ಸಿಗ್ತಿಲ್ಲ" ಎಂದಳು. ಲೋಹಿತಾ ಪದಕ್ಕಾಗಿ ತಡಕಾಡುತ್ತಿದ್ದಾಗ ಒಳಗಿಂದಲೇ ಉತ್ತರ ಬಂತು.

"ಏನಾಗ್ಬೇಕೋ ಆಮ್ಯಾಕೆ ನೋಡಾನ ಬುಡು ದಾಸಮ್ಮ. ಮೊದ್ಲು ಗಂಜಿ ಕುಡೀಲಿ."

ಸಂಕ್ರಾಂತಿ ಕಳೆಯುವವರೆಗೂ ಅವರು ಪಾವಗಡದಲ್ಲೇ ಉಳಿದರು.

ಮದುವೆಯಾಗಿ ವರ್ಷ ತುಂಬಿದ ದಿನ ಸಿದ್ದರಬೆಟ್ಟಕ್ಕೆ ಹೋಗೋಣವೆಂದು ಹಾಲೇಶನೇ ಹೇಳಿದ. ಗೆಳೆಯನ ಕಾರು ತಂದು, ಹಿಂದಿನ ದಿನವೇ ಅತ್ತೆಯನ್ನು ಶಿರಾದಿಂದ ಕರೆತಂದಿದ್ದ. ಮಧುಗಿರಿ, ಕೊರಟಗೆರೆ ದಾಟಿ ಬೆಟ್ಟದ ಬುಡ ಮುಟ್ಟುವಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ಅಪ್ಪ ಮಗಳು ಮೆಟ್ಟಿಲು ಹತ್ತಿದರು. ಲೋಹಿತಾಳ ಮಂಡಿಗಳು ಇನ್ನೂ ಪೂರ್ತಿ ಸುಧಾರಿಸಿರಲಿಲ್ಲ. ಅವಳು ರಾಜಲಕ್ಷ್ಮಮ್ಮನ ಜೊತೆ ಕೆಳಗೆ ಮರದ ನೆರಳಲ್ಲಿ ಉಳಿದಳು. ಕೋತಿಗಳಿಗೆ ಹೆದರಿ ಬುತ್ತಿಯ ಚೀಲವನ್ನು ಇಬ್ಬರ ಮಧ್ಯೆ ಇಟ್ಟುಕೊಂಡರು.

"ಅಮ್ಮ," ಎಂದಳು ಲೋಹಿತಾ. "ಈ ಒಂದು ವರ್ಷದಲ್ಲಿ ನಂಗೆ ಏನೇನೆಲ್ಲ ಆಯ್ತು. ನೀವು ಅವತ್ತು ಆ ಬೆಂಚಿನ ಮೇಲೆ ಬಂದು ಕೂತ್ಕಳ್ದೆ ಇದ್ದಿದ್ರೆ..."

"ನಿಂಗೋಸ್ಕರ ಬಂದಿರ್ಲಿಲ್ಲ ಕಣಮ್ಮ. ಮಗೀಗೋಸ್ಕರ ಬಂದಿದ್ದೆ."

"ಗೊತ್ತು. ಆದ್ರೂ ಸಿಕ್ಕಿದ್ದು ನಂಗೆ."

ಮುದುಕಿ ಮೆಟ್ಟಿಲುಗಳ ಕಡೆ ನೋಡುತ್ತಾ ಹೇಳಿದರು. "ಮದ್ವೆ ದಿನ ತಾಳಿ ಕಟ್ಟೋ ಹೊತ್ಗೆ ನಾನು ಗುಡಿ ಹಿಂದ್ಕೋಗಿ ಅತ್ತೆ. ನಾನೇ ಮಾಡ್ಸಿದ ಮದ್ವೆ. ಆದ್ರೂ ನನ್ ಕೂಸಿನ ಜಾಗ ಹೋತಲ್ಲ ಅನ್ಸ್ಬುಡ್ತು."

"ನಿಮ್ಮ ಕಣ್ಣು ಕೆಂಪಾಗಿತ್ತು. ನೋಡಿದ್ದೆ. ಕೇಳೋಕೆ ಧೈರ್ಯ ಬರ್ಲಿಲ್ಲ."

"ಕೇಳ್ದೆ ಇದ್ದಿದ್ದೇ ಒಳ್ಳೇದಾತು." ಅವರು ಲೋಹಿತಾಳ ಕೈ ತೆಗೆದುಕೊಂಡು, ಊದಿಕೊಂಡ ಬೆರಳ ಗೆಣ್ಣುಗಳನ್ನು ಒಂದೊಂದಾಗಿ ನೀವತೊಡಗಿದರು. "ನೀನು ಸೀರೆ ತಕ್ಕಂಡು ಬಂದ್ಯಲ್ಲ, ಅವತ್ತು ಗೊತ್ತಾತು. ಜಾಗ ಎಲ್ಲೂ ಹೋಗಿಲ್ಲ. ನೀನು ನಿಂದು ಬ್ಯಾರೆ ಮಾಡ್ಕಂಡಿದ್ದೀಯ."

ಲೋಹಿತಾ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳದೆ ಹಾಗೇ ಕೂತಿದ್ದಳು. ಬೆರಳುಗಳು ನೋಯುತ್ತಿದ್ದವು, ಹಿತವಾಗಿಯೂ ಇತ್ತು.

ಬಿಸಿಲೇರಿದ ಮೇಲೆ ಮಾನಸ ಮೆಟ್ಟಿಲುಗಳನ್ನು ಹಾರಿಕೊಂಡು ಇಳಿದು ಬಂದಳು. ಗವಿಯೊಳಗಿನ ನೀರನ್ನು ಬಾಟಲಿಯಲ್ಲಿ ತುಂಬಿ ತಂದಿದ್ದಳು. ಅಪ್ಪ ದಾರಿಯುದ್ದಕ್ಕೂ ಸುಸ್ತು ಸುಸ್ತು ಎಂದು ಕೂತದ್ದನ್ನು ಅಜ್ಜಿಗೆ ಅಣಕಿಸಿ ತೋರಿಸಿದಳು. ಹಿಂದೆಯೇ ಹಾಲೇಶ್ ಹಣೆಯ ವಿಭೂತಿ ಬೆವರಲ್ಲಿ ಕರಗುತ್ತಿರಲು, ಏದುಸಿರು ಬಿಡುತ್ತಾ ಬಂದು ಕೂತ.

"ಮೇಲೆ ಏನು ಬೇಡ್ಕಂಡ್ರಿ?" ಲೋಹಿತಾ ಕೇಳಿದಳು.

ಅವನು ನೀರು ಕುಡಿದು, ಬಾಯಿ ಒರೆಸಿಕೊಂಡ. "ಏನೂ ಬೇಡ್ಕಳ್ಳಿಲ್ಲ. ಒಳ್ಳೇದಾತು ಕಣಪ್ಪ ಅಂತ ಹೇಳ್ಬುಟ್ಟು ಬಂದೆ."

ರಾಜಲಕ್ಷ್ಮಮ್ಮ ಚೀಲದ ಗಂಟು ಬಿಚ್ಚಿದರು. "ಆತಲ್ಲ, ಹೇಳಿದ್ದು. ಈಗ ಎಲೆ ಹಾಕ್ಕಳಿ. ಚಿತ್ರಾನ್ನ ಆರೋಗ್ತಾ ಐತೆ."